ತೊಗಲಿನ ಅಮ್ಮಣ್ಣಿಗೆ ಬಂದ ದನಿ

ನೆನೆಹಾಕಿದ ತೊಗಲಿನ ವಾಸನೆ ನನಗೆ ಇಷ್ಟ ಎಂದರೆ ನೀವು ನನ್ನ ಮೂಗಿನ ಮೇಲೆ ಅನುಮಾನ ಪಡುತ್ತೀರಿ. ಪಡಿ, ಅಡ್ಡಿಯಿಲ್ಲ. ಹೋದ ತಿಂಗಳು ಶ್ರೀರಂಗಪಟ್ಟಣದ ಬಸ್ ನಿಲ್ದಾಣದ ಹತ್ತಿರ ಚಪ್ಪಲಿ ಹೊಲಿಸಿಕೊಳ್ಳಲು ನಿಂತಿದ್ದೆ. ಹೊಲಿಯುವವರ ಪಕ್ಕದಲ್ಲಿ ಒಂದು ಹಳೆಯ ಡಬ್ಬಿಯ ನೀರಿನಲ್ಲಿ ತೊಗಲಿನ ತುಂಡುಗಳು ನೆನೆಯುತ್ತಿದ್ದವು. ಬಿಸಿಲು ಏರಿದಂತೆ ವಾಸನೆಯೂ ಏರಿತು. ಬಸ್ಸಿಗೆ ಕಾಯುತ್ತಿದ್ದ ಹೆಂಗಸೊಬ್ಬಳು ಸೆರಗಿನಿಂದ ಮೂಗು ಮುಚ್ಚಿಕೊಂಡು ಆ ಕಡೆ ಸರಿದಳು. ನನ್ನ ಚಪ್ಪಲಿ ಸಿದ್ಧವಾಗಿ ಕಾಲಿಗೆ ಬಂದಮೇಲೂ ನಾನು ಮಾತ್ರ ಅಲ್ಲೇ ನಿಂತಿದ್ದೆ. ಇನ್ನೇನು ಬೇಕಮ್ಮ ಎಂದು ಅವರು ಕೇಳಿದರು. ನಮ್ಮ ಹಳೆಯ ಮನೆಯ ಜಗಲಿ ಬೇಕಿತ್ತು. ಅದನ್ನು ಅವರು ಎಲ್ಲಿಂದ ತಂದುಕೊಟ್ಟಾರು?

ಆ ಮನೆ ಇದ್ದದ್ದು ನಾಗಮಂಗಲದಿಂದ ಬೆಳ್ಳೂರು ಕಡೆಗೆ ಹೋಗುವ ದಾರಿಯಲ್ಲಿ. ಮನೆ ಎನ್ನುವುದಕ್ಕಿಂತ ಕುಲುಮೆ ಎನ್ನಬೇಕು, ಏಕೆಂದರೆ ಬಂದವರು ಮೊದಲು ಕಾಣುತ್ತಿದ್ದುದು ಅದನ್ನೇ. ಮುಂದೆ ಹೊಂಗೆಮರ, ಮರದ ಕೆಳಗೆ ತಾತನ ಕುಲುಮೆ, ಅದರ ಹಿಂದೆ ಉದ್ದನೆಯ ಜಗಲಿ, ಜಗಲಿ ದಾಟಿದರೆ ಅಜ್ಜಿಯ ರಾಜ್ಯ. ತಾತನನ್ನು ಊರವರು ಆಚಾರ್ರು ಎನ್ನುತ್ತಿದ್ದರು. ಒಕ್ಕಲು ಮನೆಗಳ ಕುಡುಗೋಲು, ಗುದ್ದಲಿ, ನೇಗಿಲ ಗುಳ ಎಲ್ಲವೂ ನಮ್ಮ ಬೆಂಕಿಯನ್ನು ದಾಟಿಯೇ ಹೊಲಕ್ಕೆ ಹೋಗಬೇಕಿತ್ತು. ತಾತನಿಗೆ ಒಂದು ಹಟವಿತ್ತು. ಕೆಲಸ ಮಾಡಿಸಿ ನೋಡದ ಹತಾರು ಅವರ ಕುಲುಮೆಯಿಂದ ಆಚೆಗೆ ಹೋಗಕೂಡದು. ಕುಡುಗೋಲಾದರೆ ಒಂದು ಹಿಡಿ ಹುಲ್ಲು ಕೊಯ್ಯುತ್ತಿದ್ದರು, ಕೊಡಲಿಯಾದರೆ ಹುಣಸೆ ದಿಮ್ಮಿಗೆ ಒಂದು ಏಟು. ಅವಸರದಲ್ಲಿರುವ ರೈತ ಎಷ್ಟು ಗೊಣಗಿದರೂ ಕಾಯಲೇಬೇಕಾಗಿತ್ತು. ನೋಡದೆ ಕೊಟ್ಟದ್ದು ಕೊಟ್ಟಂತಲ್ಲ ಎನ್ನುತ್ತಿದ್ದರು. ನಮ್ಮಪ್ಪ ಆ ಹಟವನ್ನು ಕಲಿಯಲಿಲ್ಲ, ಬೇಗ ಕೆಲಸ ಮುಗಿಸುವುದನ್ನು ಕಲಿತರು.

ಸುಗ್ಗಿ ಮುಗಿದು ಬಿಸಿಲು ಬಲಿತಾಗ ಕೆ.ಆರ್. ಪೇಟೆ ಕಡೆಯಿಂದ ಒಂದು ಗಾಡಿ ಬರುತ್ತಿತ್ತು. ಅವರನ್ನು ನಾವು ಗೊಂಬೆಯವರು ಎನ್ನುತ್ತಿದ್ದೆವು. ಊರೂರಿಗೆ ಹೋಗಿ ತೊಗಲುಗೊಂಬೆ ಆಡಿಸುವ ಮನೆತನ. ಆಟದ ಊರುಗಳು ಶುರುವಾಗುವ ಮುಂಚೆ ಗೊಂಬೆಗಳ ಹರಕು ಮುರುಕು ಸರಿಮಾಡಿಕೊಳ್ಳಬೇಕು, ತೊಗಲಿಗೆ ತೂತು ಹೊಡೆಯುವ ಸಣ್ಣ ಉಳಿಗಳನ್ನು ಹದ ಮಾಡಿಸಿಕೊಳ್ಳಬೇಕು, ಆ ಕೆಲಸಕ್ಕೆ ನಮ್ಮ ಕುಲುಮೆಯೇ ಆಗಬೇಕು. ಹೀಗೆ ಪ್ರತಿ ವರ್ಷ ಹೊಂಗೆಮರದ ಕೆಳಗೆ ಅವರ ಬಿಡಾರ ಬೀಳುತ್ತಿತ್ತು. ಮೇಕೆಯ ತೊಗಲು ನೆನೆಯುತ್ತಿತ್ತು, ಅದನ್ನು ಬಂಡೆಯ ಮೇಲೆ ಹರಡಿ ಕೂದಲು ಹೆರೆಯುತ್ತಿದ್ದರು, ನಮ್ಮಮ್ಮ ವಾಸನೆಗೆ ಬೈಯುತ್ತಿದ್ದರು, ಅಜ್ಜಿ ಬೈಯದೆ ಮುದ್ದೆಗೆ ಇನ್ನೊಂದು ಪಾವು ಹಿಟ್ಟು ಹೆಚ್ಚಿಗೆ ಹಾಕುತ್ತಿದ್ದರು.

ತೊಗಲುಗೊಂಬೆ ಎಂದೊಡನೆ ಎಲ್ಲರೂ ನೆರಳಿನ ಮಾತು ಎತ್ತುತ್ತಾರೆ. ಪರದೆ, ದೀಪ, ಮದ್ದಳೆ, ಅದೇ ಅದೇ. ನನಗೆ ಹೆಚ್ಚು ನೆನಪಿರುವುದು ಹಗಲಿನ ಗೊಂಬೆಗಳು. ನಮ್ಮ ಬಟ್ಟೆ ಒಣಗುವ ಹಗ್ಗದ ಮೇಲೆಯೇ ಅವೂ ಗಾಳಿಗೆ ಆರುತ್ತಿದ್ದವು. ರಾತ್ರಿ ಮೂರು ಲೋಕ ನಡುಗಿಸುವ ಹತ್ತು ತಲೆಯವನು ಹಗಲಲ್ಲಿ ನಮ್ಮಮ್ಮನ ರವಿಕೆಯ ಪಕ್ಕದಲ್ಲಿ ತಲೆಕೆಳಗಾಗಿ ನೇತಾಡುತ್ತಿದ್ದ. ಬಿಸಿಲು ತೊಗಲಿನೊಳಗೆ ಹಾದು ಕೆಂಪು, ಹಸಿರು ಬಣ್ಣಗಳು ಜಗಲಿಯ ನೆಲಕ್ಕೆ ಬೀಳುತ್ತಿದ್ದವು. ನಾನು ಆ ಬಣ್ಣದ ಮೇಲೆ ಅಂಗೈ ಇಟ್ಟು ಕೂರುತ್ತಿದ್ದೆ. ಒಳ್ಳೆಯವರನ್ನೂ ರಕ್ಕಸರನ್ನೂ ಪೆಟ್ಟಿಗೆಯಲ್ಲಿ ಎದುರು ಬದುರು ಮಲಗಿಸುವಂತಿರಲಿಲ್ಲ, ನಡುವೆ ಒಂದು ಪಂಚೆ ಹಾಸಬೇಕಿತ್ತು. ಇಲ್ಲವಾದರೆ ಬೆಳಗಾಗುವಷ್ಟರಲ್ಲಿ ಒಬ್ಬರನ್ನೊಬ್ಬರು ಹರಿದುಕೊಂಡಿರುತ್ತಾರೆ ಎಂದು ಲಕ್ಕವ್ವ ಹೇಳುತ್ತಿದ್ದಳು. ನಾನು ನಂಬಿದ್ದೆ. ಈಗಲೂ ಬೀರುವಿನಲ್ಲಿ ಕೆಲವರ ಮದುವೆ ಫೋಟೋಗಳನ್ನು ಬೇರೆ ಬೇರೆಯಾಗಿಯೇ ಇಡುತ್ತೇನೆ.

ಲಕ್ಕವ್ವ ಆ ಮನೆತನದ ಹಿರಿಯಳು. ಗೊಂಬೆ ಆಡಿಸುತ್ತಿದ್ದವನು ಅವಳ ಮಗ ಗೋವಿಂದಣ್ಣ. ಅವನ ಹೆಂಡತಿ ತಾಯಮ್ಮ. ಅವರ ಆಟದ ಜೀವ ಇದ್ದದ್ದು ಒಂದು ಹೆಣ್ಣುಗೊಂಬೆಯಲ್ಲಿ, ಅರಮನೆ ಬಿಟ್ಟು ಕಾಡಿಗೆ ಹೋಗುವ ರಾಣಿ. ಯಾವ ರಾಣಿ ಎಂದು ನಿಮಗೆ ಹೇಳಬೇಕಾಗಿಲ್ಲ. ಅವರು ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಮನೆಮಗಳನ್ನು ಕರೆದಂತೆ ಅಮ್ಮಣ್ಣಿ ಎನ್ನುತ್ತಿದ್ದರು. ಅಮ್ಮಣ್ಣಿಯ ಮಾತು, ಹಾಡುವ ಪದ ಎಲ್ಲವೂ ಲಕ್ಕವ್ವನ ಬಾಯಿಂದಲೇ ಬರಬೇಕು. ಅದಕ್ಕೊಂದು ಕಟ್ಟಳೆಯಿತ್ತು. ಹೊಸ ಗೊಂಬೆ ಕೊರೆಯುವಾಗ ಒಡವೆ, ಸೀರೆಯ ಅಂಚು, ಬೆರಳು ಎಲ್ಲ ಮುಗಿಸಿ ಕಣ್ಣನ್ನು ಕೊನೆಗೆ ಉಳಿಸುತ್ತಾರೆ. ಅದಕ್ಕೆ ದನಿ ಕೊಡಬೇಕಾದವಳು ತಲೆಗೆ ನೀರು ಹಾಕಿಕೊಂಡು ಬಂದು ಎದುರು ಕೂರುತ್ತಾಳೆ. ಮಿಕ್ಕವರೆಲ್ಲ ಬಾಯಿ ಮುಚ್ಚಿಕೊಂಡಿರಬೇಕು. ಉಳಿ ಹೊಡೆದು ಕಣ್ಣು ತೆರೆದ ಮೇಲೆ ಅದರೊಡನೆ ಮೊದಲು ಮಾತಾಡಿದವರ ದನಿಯೇ ಆ ಗೊಂಬೆಯ ದನಿ. ಗೊಂಬೆ ಸವೆದು, ಸತ್ತವರ ಅಸ್ಥಿಯಂತೆ ಕಾವೇರಿಗೆ ಹೋಗುವವರೆಗೂ ಅದನ್ನು ಬದಲಾಯಿಸುವಂತಿಲ್ಲ. ಸರದಿ ಬಾರದವರು ಆ ಪದಗಳನ್ನು ಬಾಯಿಬಿಟ್ಟು ಹೇಳುವಂತೆಯೂ ಇಲ್ಲ. ತಾಯಮ್ಮ ಹೊಸ ಮದುವಣಗಿತ್ತಿಯಾಗಿ ಬಂದಾಗಿನಿಂದ ಪರದೆಯ ಹಿಂದೆ ಅತ್ತೆಯ ಪಕ್ಕದಲ್ಲಿ ಕೂತು ತಾಳ ಹಾಕುತ್ತ ಎಲ್ಲವನ್ನೂ ಕಲಿತುಕೊಂಡಿದ್ದಳು. ತೊಗಲು ಹೆರೆಯುವಾಗ ತುಟಿ ಮುಚ್ಚಿಕೊಂಡು ಮೂಗಿನಲ್ಲೇ ಗುನುಗುತ್ತಿದ್ದಳು. ಅಷ್ಟಕ್ಕೇ ನಮ್ಮಜ್ಜಿ ಕೈಕೆಲಸ ಬಿಟ್ಟು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು.

ನಾನು ಹೇಳಹೊರಟಿರುವ ಬೇಸಿಗೆಯ ಹೊತ್ತಿಗೆ ಹಳೆಯ ಅಮ್ಮಣ್ಣಿಯ ಮೈಯಲ್ಲಿ ತೇಪೆಯೇ ಹೆಚ್ಚಾಗಿತ್ತು. ಕುತ್ತಿಗೆಗೆ ಹಾಕಿದ ತೇಪೆ ದಪ್ಪವಾಗಿ, ಪರದೆಯ ಮೇಲೆ ರಾಣಿಗೆ ಗಂಟಲುಬೇನೆ ಬಂದಂತೆ ಕಾಣುತ್ತಿತ್ತು. ಹಿಂದಿನ ವರ್ಷ ಪಾಂಡವಪುರದ ಕಡೆ ಯಾವುದೋ ಊರಿನಲ್ಲಿ ಹುಡುಗರು ಅದನ್ನು ನೋಡಿ ನಕ್ಕರಂತೆ. ಲಕ್ಕವ್ವನ ದನಿಗೂ ವಯಸ್ಸಾಗಿತ್ತು. ಕೆಳಗಿನ ಹಲ್ಲುಗಳು ಹೋಗಿ ಮಾತು ಜಾರುತ್ತಿತ್ತು, ಎಳೆಯ ರಾಣಿಯ ಪದದ ನಡುವೆ ಕೆಮ್ಮು ಬರುತ್ತಿತ್ತು. ಗೋವಿಂದಣ್ಣ ಹೊಸ ಅಮ್ಮಣ್ಣಿಯನ್ನು ಕೊರೆಯುವುದೆಂದು ತೀರ್ಮಾನಿಸಿದ. ಹಳೆಯವಳು ನದಿಗೆ, ಹೊಸಬಳಿಗೆ ತಾಯಮ್ಮನ ದನಿ. ಲಕ್ಕವ್ವ ಬೇಡ ಎನ್ನಲಿಲ್ಲ. ನಂಗೂ ಸಾಕಾಗ್ಯದೆ ಎಂದಳಂತೆ. ಆದರೆ ಆ ವರ್ಷ ಅವಳು ಅಜ್ಜಿ ಕೊಟ್ಟ ಮುದ್ದೆಯನ್ನು ಅರ್ಧಕ್ಕೇ ಬಿಡುತ್ತಿದ್ದಳು. ನಮ್ಮನ್ನು ಕೂಡಿಸಿಕೊಂಡು ಕತೆ ಹೇಳುತ್ತಿದ್ದವಳು ಕುಲುಮೆಯ ಕಂಬಕ್ಕೆ ಒರಗಿ ಎಲೆಅಡಿಕೆ ಅಗಿಯುತ್ತ, ಮಗ ಹೊಸ ತೊಗಲಿನ ಮೇಲೆ ಗೆರೆ ಎಳೆಯುವುದನ್ನು ನೋಡುತ್ತ ಕೂರುತ್ತಿದ್ದಳು. ಹುಟ್ಟಿನಿಂದ ಆಟದವಳು. ಮಾತಾಡಲು ಅಮ್ಮಣ್ಣಿಯಿಲ್ಲದ ಮೇಲೆ ಅವಳು ಗಾಡಿಯ ಮೇಲೆ ಸುಮ್ಮನೆ ಕೂತುಕೊಂಡು ಹೋಗುವ ಒಂದು ಗಂಟುಮೂಟೆ ಅಷ್ಟೇ. ಇದು ಅವಳಿಗೂ ಗೊತ್ತಿತ್ತು, ತಾತನಿಗೂ ಗೊತ್ತಿತ್ತು. ಇಬ್ಬರೂ ಒಂದೇ ವಯಸ್ಸಿನವರು, ಒಬ್ಬರ ಕಣ್ಣಿಗೆ ಪೊರೆ, ಇನ್ನೊಬ್ಬರ ಗಂಟಲಿಗೆ ಕೆಮ್ಮು.

ತಾಯಮ್ಮನೋ, ಆ ದಿನಗಳಲ್ಲಿ ನೆಲದ ಮೇಲೆ ನಡೆಯುತ್ತಿರಲಿಲ್ಲ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂದು ಅಜ್ಜಿ ಕೀಟಲೆ ಮಾಡಿದರೆ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ಅಜ್ಜಿಯೇ ಪಂಚಾಂಗ ತೆಗೆಸಿ ಶುಕ್ರವಾರ ಬೆಳಗಿನ ಹೊತ್ತನ್ನು ಗೊತ್ತು ಮಾಡಿಸಿದ್ದರು. ಕಣ್ಣು ಬಿಡಿಸುವುದಕ್ಕೆಂದೇ ಹೊಸ ಉಳಿಯಾಗಬೇಕು, ಅಕ್ಕಿಕಾಳಿನಷ್ಟು ಬಾಯಿಯ ಉಳಿ. ಅದನ್ನು ತಾತ ಹಿಂದಿನ ದಿನವೆಲ್ಲ ಕೂತು ತಿದ್ದಿದ್ದರು. ಹೊಸ ಅಮ್ಮಣ್ಣಿಯನ್ನು ಮಣೆಯ ಮೇಲೆ ಬಿಗಿದು, ಒಗೆದ ಬಿಳಿ ಬಟ್ಟೆ ಮುಚ್ಚಿ ಜಗಲಿಯಲ್ಲಿ ಇಟ್ಟಿದ್ದರು. ಕಣ್ಣಿನ ಜಾಗದಲ್ಲಿ ಇದ್ದಿಲಿನ ಒಂದು ಗುರುತು ಬಿಟ್ಟರೆ ಮೈಯೆಲ್ಲ ಮುಗಿದಿತ್ತು.

ಶುಕ್ರವಾರ ಬೆಳಿಗ್ಗೆ ತಾಯಮ್ಮ ಕೆರೆಗೆ ಮೀಯಲು ಹೋದಳು. ಗೋವಿಂದಣ್ಣ ಹೂವು, ಹಣ್ಣುಕಾಯಿ ತರಲು ಹೋದ. ಜಗಲಿಯಲ್ಲಿ ಉಳಿದವರು ತಾತ, ಲಕ್ಕವ್ವ ಮತ್ತು ನಾನು. ತಾತ ಉಳಿಯನ್ನು ಒರೆಸಿ, ಬೆಳಕಿಗೆ ಹಿಡಿದು, ಎಂದಿನಂತೆ ಪರೀಕ್ಷೆಗೆ ತೊಗಲಿನ ಚೂರು ಹುಡುಕಿದರು. ಚೂರುಗಳ ಮಂಕರಿ ಖಾಲಿ. ಒಳ್ಳೆಯ ಕೆಲಸದ ದಿನ ಮನೆ ನಾರಬಾರದೆಂದು ನಮ್ಮಮ್ಮ ಅದನ್ನು ನಸುಕಿನಲ್ಲೇ ತಿಪ್ಪೆಗೆ ಸುರಿದು ಬಂದಿದ್ದರು. ತಾತ ಉಳಿಯನ್ನು ಅಂಗೈಯಲ್ಲಿ ಒಮ್ಮೆ ಹೊರಳಿಸಿದರು. ಆಮೇಲೆ ಮಣೆಯನ್ನು ಎಳೆದುಕೊಂಡರು, ಬಟ್ಟೆಯ ಒಂದು ಮೂಲೆ ಎತ್ತಿದರು, ಹೆಬ್ಬೆರಳಿನಿಂದ ತೊಗಲನ್ನು ತಡವಿದರು. ಪೊರೆ ಬಂದ ಮೇಲೆ ಅವರು ಎಲ್ಲವನ್ನೂ ಹಾಗೆ ತಡವಿಯೇ ನೋಡುತ್ತಿದ್ದರು, ನಮ್ಮ ಮುಖವನ್ನೂ ಕೂಡ. ಉಳಿ ಇಟ್ಟು ಒಂದೇ ಏಟು ಹೊಡೆದರು. ಟಕ್ ಎಂದಿತು, ಅಷ್ಟೇ.

"ಆಚಾರಪ್ಪ, ಏನ್ ಮಾಡ್ಬುಟ್ಟೆ" ಎಂದಳು ಲಕ್ಕವ್ವ.

ಅದು ತಾತನಿಗೆ ಹೇಳಿದ ಮಾತು, ಗೊಂಬೆಗಲ್ಲ. ಕಣ್ಣು ತೆರೆದಿದ್ದರೂ ಕಟ್ಟಳೆಯ ಲೆಕ್ಕದಲ್ಲಿ ಇನ್ನೂ ಏನೂ ಕೆಟ್ಟಿರಲಿಲ್ಲ. ಬಟ್ಟೆ ಮುಚ್ಚಿ, ತಾಯಮ್ಮ ಬರುವವರೆಗೆ ಬಾಯಿ ಬಿಗಿಹಿಡಿದಿದ್ದರೆ ಸಾಕಾಗಿತ್ತು. ಲಕ್ಕವ್ವ ಎದ್ದು ಬಂದು ಬಟ್ಟೆಯನ್ನು ಪೂರ್ತಿ ತೆಗೆದಳು. ಮಣೆಯ ಕಟ್ಟು ಬಿಚ್ಚಿ ಅಮ್ಮಣ್ಣಿಯನ್ನು ಎರಡು ಕೈಯಲ್ಲಿ ಬಿಸಿಲಿಗೆ ಎತ್ತಿ ಹಿಡಿದಳು. ಕಣ್ಣಿನ ತೂತಿನಿಂದ ಬೆಳಕಿನ ಒಂದು ಚುಕ್ಕೆ ಅವಳ ಕೆನ್ನೆಯ ಮೇಲೆ ಬಿತ್ತು. ನಾನು ಅಂಗೈಯಿಂದ ಬಾಯಿ ಮುಚ್ಚಿಕೊಂಡು ಕೂತಿದ್ದೆ, ಏಕೆಂದರೆ ಮಾತಾಡಬಾರದೆಂದು ನನಗೂ ಹೇಳಿಕೊಟ್ಟಿದ್ದರು. ಲಕ್ಕವ್ವ ಗೊಂಬೆಯ ಮುಖವನ್ನು ತನ್ನ ಮುಖದ ಹತ್ತಿರ ತಂದುಕೊಂಡಳು. "ಬಂದ್ಯಾ ಮಗ" ಎಂದಳು ಗೊಂಬೆಗೆ. ತಾತ ಉಳಿಯನ್ನು ಪಂಚೆಯ ಅಂಚಿನಿಂದ ಒರೆಸುತ್ತ ತಲೆ ಎತ್ತದೆ ಕೂತಿದ್ದರು.

ತಾಯಮ್ಮ ಒದ್ದೆ ಕೂದಲು ಬಿಟ್ಟುಕೊಂಡು, ಅರಿಸಿನ ಕೆನ್ನೆಗೆ ತಿಕ್ಕಿಕೊಂಡು ಜಗಲಿ ಹತ್ತಿ ಬಂದಳು. ಅತ್ತೆಯ ಕೈಯಲ್ಲಿದ್ದ ಗೊಂಬೆಯನ್ನು ನೋಡಿದಳು, ಗೊಂಬೆಯ ಕಣ್ಣನ್ನು ನೋಡಿದಳು. ಮೊದಲು ಮಾತಾಡಿದವರು ಯಾರು ಎಂದು ಮಾತ್ರ ಕೇಳಿದಳು. ತಾತ ತಪ್ಪು ನನ್ನದೆಂದು ಉಳಿ ಪರೀಕ್ಷೆಯ ಕತೆ ಶುರುಮಾಡಿದರು. ಲಕ್ಕವ್ವ ಅವರನ್ನು ನಡುವೆಯೇ ತಡೆದು, "ನಾನೇ ಕಣವ್ವ. ತಡ್ಕೊಳಕ್ಕೆ ಆಗ್ನಿಲ್ಲ" ಎಂದಳು. ಸೊಸೆ ಈಗ ಕೂಗಾಡುತ್ತಾಳೆ ಎಂದು ನಾನು ಕಾಯುತ್ತಿದ್ದೆ, ಏಕೆಂದರೆ ನಮ್ಮ ಮನೆಯಲ್ಲಿ ಇದಕ್ಕಿಂತ ಸಣ್ಣ ವಿಷಯಕ್ಕೆ ಪಾತ್ರೆಗಳು ಹಾರುತ್ತಿದ್ದವು. ತಾಯಮ್ಮ ಕೂದಲು ಹಿಂಡಿದಳು, ಜಡೆ ಸುತ್ತಿ ತುರುಬು ಕಟ್ಟಿದಳು. ಆಮೇಲೆ ಕಾಡಿಗೆಯ ಬಟ್ಟಲು ತಂದು, ಅತ್ತೆಯ ಕೈಯಿಂದ ಗೊಂಬೆ ತೆಗೆದುಕೊಂಡು, ಕೊರೆದ ಕಣ್ಣಿನ ಸುತ್ತ ಕಪ್ಪು ತೀಡಲು ಕೂತಳು. ಹೂವು ತಂದ ಗೋವಿಂದಣ್ಣ ವಿಷಯ ಕೇಳಿ ಬುಟ್ಟಿಯನ್ನು ಅಲ್ಲೇ ಇಟ್ಟು ಗಾಡಿಯ ಕಡೆ ಹೋದ. ತೆರೆದ ಕಣ್ಣನ್ನು ಮುಚ್ಚಲು ಯಾವ ಹತಾರೂ ಇಲ್ಲ.

ಮಧ್ಯಾಹ್ನ ಊಟಕ್ಕೆ ಅಜ್ಜಿ ತಾತನಿಗೆ ಮಜ್ಜಿಗೆ ಬಡಿಸಲಿಲ್ಲ. ನಮ್ಮ ಮನೆಯಲ್ಲಿ ಅದಕ್ಕಿಂತ ದೊಡ್ಡ ಶಿಕ್ಷೆ ಇರಲಿಲ್ಲ. ಅಜ್ಜಿ ತಾತನಿಗೆ ಎದುರಾಡಿದ್ದನ್ನು ನಾನು ಕಂಡದ್ದೂ ಅದೊಂದೇ ಸಲ. "ಮುದ್ಕಿ ಮೇಲೆ ಕನಿಕರ ಬಂತು ನಿಮ್ಗೆ. ಆ ಎಣ್ಣುಮಗೀಗೆ ಕನಿಕರ ತೋರ್ಸೋರು ಯಾರು?" ತಾತ ಬರಿಯ ಅನ್ನವನ್ನೇ ಕಲಸುತ್ತ, ನೋಡದೆ ಕೊಟ್ಟಿದ್ದರೆ ತಪ್ಪಾಗುತ್ತಿತ್ತು, ನೋಡಿದ್ದು ಹೇಗೆ ತಪ್ಪಾಗುತ್ತದೆ ಎಂದರು. ಅವರು ಬೇಕೆಂದೇ ಹೊಡೆದರೋ, ಕಣ್ಣು ಕಾಣದೆ ಹೊಡೆದರೋ? ನಾನು ಪಕ್ಕದಲ್ಲೇ ಕೂತು ನೋಡಿದವಳು, ನನಗೇ ಗೊತ್ತಿಲ್ಲ. ಸಾಯುವವರೆಗೂ ಅವರು ಅದೇ ಉತ್ತರ ಕೊಟ್ಟರು. ನನಗೆ ತಾತ ಎಂದರೆ ಪ್ರಾಣ. ಆದರೂ ಈ ಒಂದು ವಿಷಯದಲ್ಲಿ ನಾನು ಅಜ್ಜಿಯ ಕಡೆ.

ಆ ವಾರ ನಮ್ಮೂರಲ್ಲೇ ಆಟವಾಯಿತು. ಹೊಸ ಅಮ್ಮಣ್ಣಿ ಪರದೆಯ ಮೇಲೆ ಬಂದಾಗ ಜನ ಆಹಾ ಎಂದರು. ಕಿವಿಯ ಓಲೆಯಿಂದ ಕಾಲಿನ ಕಡಗದವರೆಗೆ ಬೆಳಕು ಚೆಲ್ಲುತ್ತಿತ್ತು. ಅಂಥ ಎಳೆಯ ಮೈಯಿಂದ ಲಕ್ಕವ್ವನ ಹಳೆಯ ದನಿ ಬಂದಾಗ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಕಾಡಿಗೆ ಹೊರಡುವ ಪದದಲ್ಲಿ ಅವಳಿಗೆ ಉಸಿರು ಕಟ್ಟಿತು. ಆಗ ಪರದೆಯ ಹಿಂದಿನಿಂದ ತಾಯಮ್ಮ ಮುಂದಿನ ಸಾಲನ್ನು ಪಿಸುಗುಟ್ಟಿ ಎತ್ತಿಕೊಟ್ಟದ್ದು ಮುಂದೆ ಕೂತಿದ್ದ ನಮಗೆ ಕೇಳಿಸಿತು. ಲಕ್ಕವ್ವ ಅದನ್ನು ಹಿಡಿದುಕೊಂಡು ಹೇಗೋ ಮುಗಿಸಿದಳು. ಆಮೇಲಿನ ವರ್ಷಗಳಲ್ಲಿಯೂ ಹಾಗೆಯೇ ನಡೆಯಿತು. ಸೊಸೆ ಪಿಸುಗುಟ್ಟಬೇಕು, ಅತ್ತೆ ಹೇಳಬೇಕು. ಗೊಂಬೆ ಗಟ್ಟಿಮುಟ್ಟಾಗಿತ್ತು, ಸವೆಯುವ ಯಾವ ಲಕ್ಷಣವೂ ಇರಲಿಲ್ಲ. ಲಕ್ಕವ್ವ ಮತ್ತೆ ಪೂರ್ತಿ ಮುದ್ದೆ ಉಣ್ಣುತ್ತಿದ್ದಳು, ಮೊದಲಿಗಿಂತ ಹೆಚ್ಚು ಕತೆ ಹೇಳುತ್ತಿದ್ದಳು. ನಾವು ಮಕ್ಕಳು ಅದಕ್ಕೆ ಸಂತೋಷಪಟ್ಟೆವು. ತಾಯಮ್ಮ ತೊಗಲು ಹೆರೆಯುವಾಗ ಗುನುಗುವುದನ್ನು ಬಿಟ್ಟಿದ್ದನ್ನು ಗಮನಿಸಿದವರು ಅಜ್ಜಿಯೊಬ್ಬರೇ.

ಸೊಸೆಗೊಂದು ಕಾಲ ಬರಬೇಕಿತ್ತು, ಗಾದೆಯ ಪ್ರಕಾರ. ಅದು ಬರುವ ಮುಂಚೆ ಆಟದ ಕಾಲವೇ ಹೋಯಿತು. ಊರಿಗೆ ಟಿ.ವಿ. ಬಂತು, ಆಮೇಲೆ ಮನೆಮನೆಗೂ ಬಂತು. ಮಳೆಗಾಗಿ ಗೊಂಬೆ ಆಡಿಸುತ್ತಿದ್ದ ಊರುಗಳು ನಾಲೆಯ ನೀರು ನಂಬಿದವು. ಗಾಡಿ ಒಂದು ವರ್ಷ ತಡವಾಗಿ ಬಂತು, ಮುಂದಿನ ವರ್ಷ ಬರಲಿಲ್ಲ. ಲಕ್ಕವ್ವ ಕೊನೆಯ ಆಟದವರೆಗೂ ಅಮ್ಮಣ್ಣಿಯಾಗಿದ್ದು, ಆಟ ನಿಂತಮೇಲೆ ಹೆಚ್ಚು ದಿನ ಇರಲಿಲ್ಲವೆಂದು ಸುದ್ದಿ ಬಂತು. ತಾತ ಹೋದರು, ಅಜ್ಜಿ ಹೋದರು, ಅಪ್ಪ ಬೆಳ್ಳೂರು ಕ್ರಾಸಿನಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟರು. ರಸ್ತೆ ಅಗಲ ಮಾಡುವಾಗ ಹೊಂಗೆಮರ, ಕುಲುಮೆ, ಜಗಲಿ ಮೂರನ್ನೂ ಜೆ.ಸಿ.ಬಿ. ಅರ್ಧ ದಿನದಲ್ಲಿ ತೆಗೆಯಿತು. ಆ ಜಗಲಿಯ ಜಾಗದಲ್ಲಿ ಈಗ ಲಾರಿಗಳು ಹಾದುಹೋಗುತ್ತವೆ. ಬಸ್ಸಿನಲ್ಲಿ ಅಲ್ಲಿ ಹೋಗುವಾಗ ನಾನು ಕಿಟಕಿಯ ಕಡೆ ನೋಡುವುದಿಲ್ಲ. ಅಳು ಬರುತ್ತದೆ, ಮತ್ತೇನಿಲ್ಲ.

ಮದುವೆಯಾಗಿ ನಾನು ಶ್ರೀರಂಗಪಟ್ಟಣಕ್ಕೆ ಬಂದೆ. ನಮ್ಮೆಜಮಾನರದು ಪೇಟೆಯಲ್ಲಿ ಚಿನ್ನಬೆಳ್ಳಿ ಕೆಲಸ. ಚಪ್ಪಲಿ ಹೊಲಿಸಿಕೊಂಡು ಬಂದ ಮರುವಾರ ಅಂಗಡಿಯ ಮುಂದೆ ಒಬ್ಬಳು ಮುದುಕಿ ನಿಂತಿದ್ದಳು. ಕಂಕುಳಲ್ಲಿ ಬಟ್ಟೆ ಸುತ್ತಿದ ಒಂದು ಚಪ್ಪಟೆ ಗಂಟು. ಇಲ್ಲಿ ಆಚಾರ್ರ ಮೊಮ್ಮಗಳು ಇದ್ದಾಳಂತಲ್ಲ ಎಂದು ಕೇಳಿದಳು. ದನಿಯಿಂದ ನನಗೆ ಗುರುತು ಸಿಗಲಿಲ್ಲ, ಕೂದಲು ಸುತ್ತಿ ತುರುಬು ಬಿಗಿದುಕೊಂಡ ರೀತಿಯಿಂದ ಸಿಕ್ಕಿತು. ತಾಯಮ್ಮ. ಗೋವಿಂದಣ್ಣ ತೀರಿಕೊಂಡಿದ್ದನಂತೆ. ಅಟ್ಟದ ಮೇಲಿದ್ದ ಪೆಟ್ಟಿಗೆಗೆ ಇಲಿ ಬಿದ್ದು ಅಮ್ಮಣ್ಣಿಯ ಸೀರೆಯ ಅಂಚನ್ನು ತಿಂದಿತ್ತು. ಯಾರೋ ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕುತ್ತೇವೆಂದು ಕೇಳಿದ್ದಕ್ಕೆ ಇವಳು ಒಪ್ಪಿರಲಿಲ್ಲ. ಸವೆದವಳು ನದಿಗೇ ಹೋಗಬೇಕು. ನೀರು ಕುಡಿದು ಸುಧಾರಿಸಿಕೊಂಡ ಮೇಲೆ, ನನ್ನನ್ನು ಹುಡುಕಿಕೊಂಡು ಇಷ್ಟು ದೂರ ಯಾಕೆ ಬಂದೆ ಎಂದು ಕೇಳಿದೆ. "ಇವ್ಳು ಕಣ್ಣು ಬುಟ್ಟಾಗ ಇದ್ದೋರ್ನಲ್ಲಿ ನೀನೊಬ್ಳೇ ಉಳ್ದಿರೋದು ಅಮ್ಮಿ" ಎಂದಳು.

ಕಾವೇರಿಯ ಪಶ್ಚಿಮವಾಹಿನಿಗೆ ಆಟೋದಲ್ಲಿ ಹೋದೆವು. ಅಸ್ಥಿ ಬಿಡಲು ಬಂದವರ ಗುಂಪುಗಳು ಮೆಟ್ಟಿಲ ತುಂಬ ಇದ್ದವು. ಒಬ್ಬರು ನಮ್ಮ ಗಂಟನ್ನು ನೋಡಿ, ಯಾರು ಹೋದದ್ದು ಎಂದು ವಿಚಾರಿಸಿದರು. ಮನೇ ಮಗಳು ಎಂದು ತಾಯಮ್ಮ ಹೇಳಿ ಮುಂದೆ ನಡೆದಳು. ಜನ ಕಡಿಮೆಯಿದ್ದ ಕಡೆ ಕೂತು ಗಂಟು ಬಿಚ್ಚಿದಳು. ಅಂಚು ಹರಿದಿದ್ದರೂ ಬಣ್ಣ ಹಾಗೇ ಇತ್ತು, ಅವಳು ತೀಡಿದ ಕಾಡಿಗೆಯೂ ಇತ್ತು. ಅರಿಸಿನ ಕುಂಕುಮ ಹಚ್ಚಿ, ತುಟಿಗೆ ಮೊಸರನ್ನ ಮುಟ್ಟಿಸಿ, ಒಂದು ತುಂಡು ಹೊಸ ರವಿಕೆ ಬಟ್ಟೆ ಹೊದಿಸಿದಳು. ಕಳಿಸುವ ಮುಂಚೆ ಅಮ್ಮಣ್ಣಿಯ ಪದ ಒಂದು ಸಲ ಆಗಬೇಕು, ಹೇಳಲು ಇನ್ನು ಇವಳಲ್ಲದೆ ಯಾರೂ ಇಲ್ಲ. ಅಜ್ಜಿ ಬಾಗಿಲಿಗೆ ಬಂದು ನಿಲ್ಲುತ್ತಿದ್ದ ಆ ದನಿಯನ್ನು ಈಗಲಾದರೂ ಕೇಳುತ್ತೇನೆ ಎಂದುಕೊಂಡೆ.

ತಾಯಮ್ಮ ಗೊಂಬೆಯನ್ನು ಮಡಿಲಲ್ಲಿ ಇಟ್ಟುಕೊಂಡು, ಕಾಡಿಗೆ ಹೊರಡುವ ಪದವನ್ನು ಎತ್ತಿಕೊಂಡಳು. ಹಲ್ಲಿಲ್ಲದ ಬಾಯಿಯ ಜಾರು, ಒಡಕಲು ಗಂಟಲು, ಸಾಲಿನ ನಡುವೆ ಆ ಸಣ್ಣ ಕೆಮ್ಮು. ಅದು ಲಕ್ಕವ್ವನ ದನಿ. ತಾಯಮ್ಮನ ಹಲ್ಲುಗಳು ಗಟ್ಟಿಯಾಗಿಯೇ ಇದ್ದವು, ಕೆಮ್ಮೂ ಇರಲಿಲ್ಲ. ಅತ್ತೆಗೆ ಎಲ್ಲಿ ಉಸಿರು ಕಟ್ಟುತ್ತಿತ್ತೋ ಅಲ್ಲಿಯೇ ನಿಲ್ಲಿಸಿ, ಎಲ್ಲಿ ಜಾರುತ್ತಿತ್ತೋ ಅಲ್ಲಿಯೇ ಜಾರಿಸಿ, ಒಂದು ಅಕ್ಷರವೂ ತನ್ನದಾಗದಂತೆ ಕೊನೆಯವರೆಗೆ ಹೇಳಿದಳು. ಆಮೇಲೆ ಅಮ್ಮಣ್ಣಿಯನ್ನು ಎರಡು ಕೈಯಲ್ಲಿ ನೀರಿನ ಮೇಲೆ ಮಲಗಿಸಿದಳು. ತೊಗಲು ಸ್ವಲ್ಪ ದೂರ ತೇಲಿ, ನೆನೆದು, ನಿಧಾನವಾಗಿ ಒಳಗೆ ಹೋಯಿತು.

ನನಗೆ ಸಿಟ್ಟು ಬಂದಿತ್ತು, ಯಾರ ಮೇಲೆಂದು ತಿಳಿಯದ ಸಿಟ್ಟು. ಈಗಲಾದರೂ ನಿನ್ನ ದನಿಯಲ್ಲಿ ಹೇಳಬಾರದಾಗಿತ್ತೇ ತಾಯಮ್ಮ ಎಂದು ಕೇಳಿಯೇಬಿಟ್ಟೆ. ಅವಳು ಕೈಯ ನೀರನ್ನು ಸೀರೆಗೆ ಒರೆಸಿಕೊಳ್ಳುತ್ತ, ಮಕ್ಕಳಿಗೆ ಹೇಳುವಂತೆ ಹೇಳಿದಳು.

"ಅಮ್ಮಣ್ಣಿ ದನಿ ಅದೇ ಅಲ್ವಾ ಅಮ್ಮಿ. ಬೇರೆ ದನೀಲಿ ಯೋಳುದ್ರೆ ಅವ್ಳಿಗೆ ಗುರ್ತು ಸಿಗ್ಬೇಕಲ್ಲ."

ಅವಳನ್ನು ಬಸ್ಸು ಹತ್ತಿಸಿದೆ. ಕಿಟಕಿಯಿಂದ ಅವಳು ಏನೋ ಕೂಗಿ ಹೇಳಿದಳು, ಹೆದ್ದಾರಿಯ ಗದ್ದಲದಲ್ಲಿ ಅದು ಕೇಳಿಸಲಿಲ್ಲ. ತಾಯಮ್ಮನ ಸ್ವಂತ ದನಿಯಲ್ಲಿ ಆ ಪದ ಹೇಗಿರುತ್ತಿತ್ತೋ ನನಗೆ ಗೊತ್ತಿಲ್ಲ. ಇನ್ನು ಯಾರಿಗೂ ಗೊತ್ತಾಗುವುದಿಲ್ಲ.